ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ: ಭಾವ ಕೊಟ್ಟ ಹಳೇ ಡೆಸ್ಕ್‌ಟಾಪನ್ನು ಮಗಳ ಓದಿಗೆ ಇಟ್ಟುಕೊಂಡಿದ್ದೇವೆ. ಬೆಳಗ್ಗೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಮೂರ್ನಾಲ್ಕು ಸಲ ಒತ್ತಿದ ಮೇಲೆ ಶುರುವಾಗುತ್ತದೆ, ಆದರೆ ತಾರೀಖು 2010 ಎಂದು ತೋರಿಸುತ್ತದೆ. ಅಂಗಡಿಯವರು ಮದರ್‌ಬೋರ್ಡ್ (ಎಲ್ಲ ಬಿಡಿಭಾಗ ಕೂರುವ ಮುಖ್ಯ ಹಲಗೆ) ಹೋಗಿದೆ ಅನ್ನುತ್ತಾರೆ. ನಿಜವೇ?

ಉತ್ತರ: ಇರಬಹುದು, ಆದರೆ ಅದನ್ನು ಕೊನೆಗೆ ಅನುಮಾನಿಸಿ. ನೀವು ಹೇಳಿದ್ದರಲ್ಲಿ ಒಂದಲ್ಲ, ಎರಡು ತೊಂದರೆ ಇರುವ ಹಾಗಿದೆ. ಅದಕ್ಕೂ ಮೊದಲು, ಮುಂದಿನ ಸಲ ಶುರುವಾದ ಕೂಡಲೇ ಬೇಕಾದ ಫೋಟೋ, ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.

ತಾರೀಖಿನ ತೊಂದರೆ ಸುಲಭದ್ದು. ಗಡಿಯಾರ ನಡೆಸಲು ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿರಬೇಕು. ಹೊಸದು 3 ವೋಲ್ಟ್‌ಗಿಂತ ತುಸು ಹೆಚ್ಚೇ ತೋರಿಸುತ್ತದೆ, ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ 2.7ಕ್ಕಿಂತ ಕೆಳಗಿದ್ದರೆ ಬದಲಿಸಿ, ಪ್ಲಸ್ ಗುರುತು ಮೇಲೆ ಬರಲಿ. ತಾರೀಖು ತಪ್ಪಾದರೆ ಬ್ರೌಸರಿನಲ್ಲಿ ಎಷ್ಟೋ ತಾಣಗಳು ತೆರೆಯುವುದೇ ಇಲ್ಲ. ಜನ ಪಾಪ ಇಂಟರ್‌ನೆಟ್ಟನ್ನು ಬೈಯುತ್ತಾರೆ. ಸೆಲ್ ಹಾಕಿದ ಮೇಲೆ ವಿಂಡೋಸ್ ನೀಲಿ ಪರದೆಗೆ ಬಂದು ನಿಂತರೆ ಗಾಬರಿ ಬೇಡ. ಬಯೋಸ್ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ಗಳ ಪರದೆ) ಒಳಗೆ ಸಾಟಾ ಮೋಡ್, ಅಂದರೆ ಹಾರ್ಡ್‌ಡಿಸ್ಕ್ ಜೊತೆ ಮಾತಾಡುವ ವಿಧಾನ, ಎಎಚ್‌ಸಿಐನಿಂದ ಹಳೆಯ ಐಡಿಇಗೆ ಮರಳಿರಬಹುದು, ಮೊದಲಿನಂತೆ ಇಡಿ.

ಕಪ್ಪು ಪರದೆಗೆ ಬರೋಣ. ಹಳೇ ಯಂತ್ರಗಳಲ್ಲಿ ಮೊದಲು ನೋಡಬೇಕಾದದ್ದು ರ‍್ಯಾಮ್, ಅಂದರೆ ಸ್ಲಾಟ್‌ನಲ್ಲಿ ಕೂರುವ ಮೆಮೊರಿ ಪಟ್ಟಿ. ಅದರ ಚಿನ್ನದ ಬಣ್ಣದ ಕಾಲುಗಳಿಗೆ ಧೂಳು, ತೇವ ಕೂತು ಸಂಪರ್ಕ ತಪ್ಪುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಂತೂ ಬೇಗ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಕೆಲಸ ಶುರುಮಾಡಿ. ಎರಡೂ ಬದಿಯ ಕ್ಲಿಪ್ ತೆರೆದು ರ‍್ಯಾಮ್ ತೆಗೆದು, ಮಕ್ಕಳ ಬಿಳಿ ರಬ್ಬರಿನಿಂದ ಕಾಲುಗಳನ್ನು ಮೆಲ್ಲಗೆ ಉಜ್ಜಿ, ಚೂರುಗಳನ್ನು ಬ್ರಶ್ಶಿನಿಂದ ಒರೆಸಿ. ಸ್ಲಾಟ್‌ಗೆ ಬಾಯಿಂದ ಊದಬೇಡಿ, ಎಂಜಲಿನ ತೇವವೇ ಹೊಸ ತೊಂದರೆ. ರ‍್ಯಾಮ್ ಅಂಚಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವಂತೆ ಇಟ್ಟು, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಇಲ್ಲೇ ಮದರ್‌ಬೋರ್ಡಿನ ಪರೀಕ್ಷೆಯೂ ಆಗುತ್ತದೆ. ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ. ಬೀಪ್ ಸದ್ದು ಬಂದರೆ ಬೋರ್ಡ್, ಪ್ರೊಸೆಸರ್ ಬಹುತೇಕ ಬದುಕಿವೆ ಎಂದರ್ಥ. ಸದ್ದಿಲ್ಲದಿದ್ದರೆ ತೀರ್ಪು ಕೊಡಬೇಡಿ, ಬಹಳ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ.

ಆದರೆ ‘ಬೆಳಗ್ಗೆ ಹತ್ತುವುದಿಲ್ಲ, ಮೂರ್ನಾಲ್ಕು ಸಲ ಒತ್ತಿದರೆ ಹತ್ತುತ್ತದೆ’ ಎಂಬ ಲಕ್ಷಣ ನನಗೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ) ಕಡೆಯೇ ಬೊಟ್ಟು ಮಾಡುತ್ತದೆ. ಅದರೊಳಗಿನ ಕೆಪಾಸಿಟರ್‌ಗಳು (ವಿದ್ಯುತ್ ಹಿಡಿದಿಡುವ ಪುಟ್ಟ ಡಬ್ಬಿಗಳು) ಮುಪ್ಪಾದರೆ ತಣ್ಣಗಿರುವಾಗ ಸೋಲುತ್ತವೆ, ಬಿಸಿಯಾದ ಮೇಲೆ ಹೇಗೋ ನಿಭಾಯಿಸುತ್ತವೆ. ಯಂತ್ರ ಓಡುತ್ತಿರುವಾಗ ಖಾಲಿ ಇರುವ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನಲ್ಲಿ ಅಳೆಯಿರಿ: ಕಪ್ಪು ತಂತಿಗೆ ಮೀಟರಿನ ಕಪ್ಪು ಕಡ್ಡಿ, ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಕಡ್ಡಿಗಳು ಒಂದಕ್ಕೊಂದು ತಾಗಬಾರದು. ಇದರಾಚೆಗಿದ್ದರೆ ಎಸ್‌ಎಂಪಿಎಸ್ ಬದಲಿಸಿ. ಲೆಕ್ಕ ಸರಿಯಿದ್ದರೂ ಪೂರ್ತಿ ನಂಬಬೇಡಿ, ಹತ್ತುವ ಕ್ಷಣದ ಎಡವಟ್ಟನ್ನು ಮೀಟರ್ ಹಿಡಿಯುವುದಿಲ್ಲ. ಪರಿಚಯದವರ ಎಸ್‌ಎಂಪಿಎಸ್ ಹಾಕಿ ನೋಡುವುದೇ ಖಚಿತ. ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ: ಪ್ಲಗ್ ಕಿತ್ತರೂ ಒಳಗೆ 300 ವೋಲ್ಟ್‌ಗೂ ಮೇಲ್ಪಟ್ಟ ವಿದ್ಯುತ್ ಉಳಿದಿರಬಹುದು.

ಇವೆಲ್ಲ ಆದಮೇಲೂ ಕಪ್ಪಾಗಿಯೇ ಇದ್ದರೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳನ್ನು ನೋಡಿ. ತಲೆ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಅಂಗಡಿಯವರ ಮಾತು ನಿಜ. ಬೆಸುಗೆ ಬಲ್ಲವರು ಅವನ್ನು ಬದಲಿಸಿಕೊಡಬಲ್ಲರು, ಆದರೆ ಹತ್ತು ವರ್ಷ ದಾಟಿದ ಬೋರ್ಡಿಗೆ ಹೆಚ್ಚು ಹಣ ಸುರಿಯುವುದು ದಂಡ. ಹಾರ್ಡ್‌ಡಿಸ್ಕನ್ನು ಬಿಚ್ಚಿ ಸಾಟಾದಿಂದ ಯುಎಸ್‌ಬಿಗೆ ಬರುವ ಕೇಬಲ್ಲಿನಲ್ಲಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಉಳಿದದ್ದನ್ನೂ ನಕಲು ಮಾಡಿಕೊಳ್ಳಿ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕ್‌ಗೆ ಯುಎಸ್‌ಬಿಯ ಕರೆಂಟು ಸಾಲದು, 12 ವೋಲ್ಟ್ ಅಡಾಪ್ಟರ್ ಜೊತೆಗಿರುವ ಕೇಬಲ್ಲನ್ನೇ ಕೇಳಿ ತನ್ನಿ.