ಬಟನ್ ಒತ್ತಿದರೂ ಜಾಕೆಟ್‌ನ ಗಾಳಿ ಹೋಗುತ್ತಿಲ್ಲವಾ?

ಸ್ಕೂಬಾ ಕೋರ್ಸ್‌ನ ಮೊದಲ ಒಂದೆರಡು ದಿನ ನೀರಿನಿಂದ ಮೇಲೆ ಬಂದ ಕೂಡಲೇ ಕೇಳುವ ದೂರು ಬಹುತೇಕ ಒಂದೇ. "ಸರ್, ಬಟನ್ ಒತ್ತಿ ಹಿಡಿದೇ ಇದ್ದೆ, ಗಾಳಿ ಹೋಗ್ಲೇ ಇಲ್ಲ. ಜಾಕೆಟ್ ಕೆಟ್ಟಿದೆ ಅನ್ಸುತ್ತೆ." ಜಾಕೆಟ್ ಕೆಟ್ಟಿರುವುದು ಅಪರೂಪ. ಒತ್ತುವಾಗ ಮೈ ಹೇಗಿತ್ತು ಅಂತ ಕೇಳಿದರೆ ಕಾರಣ ಅಲ್ಲೇ ಸಿಗುತ್ತದೆ.

ಮುರುಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಒಮ್ಮೆ ಮುಳುಗಿ ಬಂದವರಿಗೆ ಈ ತಾಪತ್ರಯ ಗೊತ್ತಿರುವುದಿಲ್ಲ. ಅಂಥ ಡೈವ್‌ನಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಗಾಳಿ ತುಂಬುವುದು, ಬಿಡುವುದು ಎಲ್ಲ ಅವರದೇ ಕೆಲಸ. ನೀವು ಮೀನು ನೋಡಿ ಫೋಟೋಗೆ ಪೋಸ್ ಕೊಟ್ಟರೆ ಆಯಿತು. ಕೋರ್ಸ್ ಸೇರಿದ ಮೇಲೆ ಆ ಕೆಲಸ ನಿಮ್ಮ ಕೈಗೇ ಬರುತ್ತದೆ.

ನಾವು ಜಾಕೆಟ್ ಅನ್ನುವುದು ಬಿಸಿಡಿಗೆ, ಅಂದರೆ ಗಾಳಿ ತುಂಬಿದರೆ ತೇಲಿಸುವ, ಬಿಟ್ಟರೆ ಮುಳುಗಲು ಬಿಡುವ ಸಾಧನಕ್ಕೆ. ಒಳಗೊಂದು ಗಾಳಿಚೀಲ. ಎಡ ಭುಜದಿಂದ ಸುಕ್ಕುಸುಕ್ಕಾದ ಪೈಪ್ ಇಳಿಬಿದ್ದಿರುತ್ತದೆ, ಅದರ ತುದಿಯಲ್ಲಿ ಎರಡು ಬಟನ್. ಒಂದು ಟ್ಯಾಂಕಿನ ಗಾಳಿಯನ್ನು ಚೀಲಕ್ಕೆ ತುಂಬುತ್ತದೆ, ಇನ್ನೊಂದು ಹೊರಗೆ ಬಿಡುತ್ತದೆ. ಹೆಚ್ಚಿನ ಜಾಕೆಟ್‌ಗಳಲ್ಲಿ ಬಲ ಭುಜದ ಮೇಲೊಂದು, ಬೆನ್ನ ಹಿಂದೆ ಸೊಂಟದ ಹತ್ತಿರ ಇನ್ನೊಂದು ಡಂಪ್ ವಾಲ್ವ್ (ಗಾಳಿ ಹೊರಬಿಡುವ ಬಾಯಿ) ಇರುತ್ತದೆ. ದಾರ ಎಳೆದರೆ ಅದರ ಬಾಯಿ ತೆರೆಯುತ್ತದೆ.

ತುಂಬುವ ಬಟನ್‌ಗೆ ಟ್ಯಾಂಕಿನ ಒತ್ತಡದ ಬಲ ಇದೆ. ನೀವು ಮಲಗಿದ್ದರೂ, ತಲೆಕೆಳಗಾಗಿದ್ದರೂ ಅದು ಕೆಲಸ ಮಾಡುತ್ತದೆ. ಬಿಡುವ ಬಟನ್‌ಗೆ ಅಂಥ ಬಲ ಇಲ್ಲ. ಅದು ಸುಮ್ನೆ ಬಾಯಿ ತೆರೆಯುತ್ತದೆ, ಅಷ್ಟೇ. ಮೇಲೇರಿ ಹೋಗಬೇಕಾದದ್ದು ಗಾಳಿಯೇ. ಬೋರಲು ಮಾಡಿ ನೀರಿಗೆ ಒತ್ತಿದ ಚೊಂಬನ್ನು ವಾಲಿಸದೆ ಒಳಗಿನ ಗಾಳಿ ಹೊರಗೆ ಬರುತ್ತದಾ? ಇದೂ ಹಾಗೇ. ತೆರೆದ ಬಾಯಿ ಚೀಲದೊಳಗಿನ ಗಾಳಿಗಿಂತ ಮೇಲಿರಬೇಕು. ಇಲ್ಲವಾದರೆ ಗಾಳಿ ಒಳಗೇ ಕೂರುತ್ತದೆ, ಸಾಲದ್ದಕ್ಕೆ ಆ ಬಾಯಿಯಿಂದ ಒಂದಿಷ್ಟು ನೀರೂ ಒಳಗೆ ಬರುತ್ತದೆ.

ಹಾಗಾಗಿ ಮೊದಲು ಮೈಯನ್ನು ನೆಟ್ಟಗೆ ಮಾಡಿಕೊಳ್ಳಿ, ತಲೆ ಮೇಲೆ, ಕಾಲು ಕೆಳಗೆ. ಎಡಗೈಯಲ್ಲಿ ಪೈಪ್ ಹಿಡಿದು ತಲೆಗಿಂತ ಮೇಲಕ್ಕೆ ಎತ್ತಿ. ಎಡ ಭುಜವನ್ನೂ ಚೂರು ಎತ್ತಿ, ಬಲಗಡೆ ಸಿಕ್ಕಿಕೊಂಡ ಗಾಳಿಯೂ ಈ ಕಡೆ ಬರುತ್ತದೆ. ಆಮೇಲೆ ಬಟನ್. ಗುಳ್ಳೆಗಳು ಬುಳುಬುಳು ಹೋಗುವುದು ಕೇಳಿಸುತ್ತದೆ. ತಲೆ ಕೆಳಗೆ ಮಾಡಿ ಈಜುತ್ತಿದ್ದರೆ ಪೈಪ್‌ನಿಂದ ಪ್ರಯೋಜನವಿಲ್ಲ. ಆಗ ಎತ್ತರದಲ್ಲಿರುವುದು ಸೊಂಟ, ಅಲ್ಲಿನ ವಾಲ್ವ್‌ನ ದಾರ ಎಳೆಯಿರಿ.

ಜಾಕೆಟ್ ಪೂರ್ತಿ ಖಾಲಿಯಾದರೂ ಕೆಲವರು ಮುಳುಗುವುದಿಲ್ಲ. ನೋಡಿದರೆ ಕಾಲು ತಮಗೇ ಗೊತ್ತಿಲ್ಲದಂತೆ ಫಿನ್ (ಪಾದಕ್ಕೆ ಹಾಕುವ ಈಜುರೆಕ್ಕೆ) ಬಡಿಯುತ್ತಿರುತ್ತದೆ, ಎದೆ ತುಂಬಾ ಉಸಿರು. ಕಾಲು ನಿಲ್ಲಿಸಿ, ಉಸಿರು ನಿಧಾನವಾಗಿ ಪೂರ್ತಿ ಬಿಡಿ. ಸಾಮಾನ್ಯವಾಗಿ ಅಷ್ಟೇ ಸಾಕು.

ಇಳಿಯುವಾಗ ಗಾಳಿ ಹೋಗದಿದ್ದರೆ ಆಗುವುದು ಮುಜುಗರ ಮಾತ್ರ. ಏರುವಾಗ ಹೋಗದಿದ್ದರೆ ಅಪಾಯ. 20 ಮೀಟರ್ ಆಳದಲ್ಲಿ ನಿಮ್ಮ ಚೀಲದಲ್ಲಿ 2 ಲೀಟರ್ ಗಾಳಿ ಇದೆ ಅಂದುಕೊಳ್ಳಿ. ಅಲ್ಲಿನ ಒತ್ತಡ ನೀರಿನ ಮೇಲಿನದರ ಸುಮಾರು ಮೂರು ಪಟ್ಟು. 10 ಮೀಟರ್‌ಗೆ ಬರುವಷ್ಟರಲ್ಲಿ ಅದೇ ಗಾಳಿ 3 ಲೀಟರ್ ಆಗುತ್ತದೆ, 5 ಮೀಟರ್‌ಗೆ 4, ನೀರಿನ ಮೇಲೆ 6. ನೀವು ಯಾವ ಬಟನ್ನೂ ಮುಟ್ಟಿಲ್ಲ. ಹಿಗ್ಗಿದ ಒಂದೊಂದು ಲೀಟರ್ ಕೂಡ ನಿಮ್ಮನ್ನು ಸುಮಾರು ಒಂದು ಕೆಜಿಯಷ್ಟು ಮೇಲಕ್ಕೆ ಎಳೆಯುತ್ತದೆ. ಮೇಲೆ ಹೋದಷ್ಟೂ ಗಾಳಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ವೇಗ ಜಾಸ್ತಿ. ಕೊನೆಯ 10 ಮೀಟರ್‌ನಲ್ಲಿ ಇದು ಎಲ್ಲಕ್ಕಿಂತ ಜೋರು.

ಮೇಲೆ ಹೋಗಬೇಕು ಅಂದರೆ ಗಾಳಿ ತುಂಬಬೇಕು ಅನ್ನುವುದು ಹೊಸಬರ ತಲೆಯಿಂದ ಬೇಗ ಹೋಗದ ಲೆಕ್ಕಾಚಾರ. ಹಾಗಲ್ಲ. ಮೇಲೇರುವುದು ಫಿನ್‌ನಿಂದ, ಪೈಪ್ ಎತ್ತಿ ಹಿಡಿದು ಗಾಳಿ ಬಿಡುತ್ತಲೇ ಏರಬೇಕು. ನಿಮಿಷಕ್ಕೆ 9 ಮೀಟರ್ ವೇಗ ಸಾಕು. ಪುಕ್ಕ್, ಪುಕ್ಕ್ ಅಂತ ಸ್ವಲ್ಪ ಸ್ವಲ್ಪವೇ ಬಿಡಿ. ಬಿಟ್ಟ ಪರಿಣಾಮ ಮೈಗೆ ಗೊತ್ತಾಗಲು ಎರಡು ಮೂರು ಸೆಕೆಂಡ್ ಬೇಕು. ಆತುರಕ್ಕೆ ಎಲ್ಲ ಬಿಟ್ಟು, ಮುಳುಗಿ, ಮತ್ತೆ ತುಂಬಿ ಮೇಲೆ ಚಿಮ್ಮುವವರನ್ನು ನೋಡುವುದು ನಮಗೆ ಮಾಮೂಲಿ.

ಗಾಳಿ ಬಿಡಲು ಒದ್ದಾಡುವವರಲ್ಲಿ ಹೆಚ್ಚಿನವರು ಮುಳುಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನು ಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿರುತ್ತಾರೆ ಅನ್ನುವುದು ನನ್ನ ಅನುಭವ. ಜಾಸ್ತಿ ಸೀಸ ಕಟ್ಟಿದರೆ ಅದನ್ನು ತೂಗಲು ಜಾಕೆಟ್‌ಗೂ ಜಾಸ್ತಿ ಗಾಳಿ ಬೇಕು, ಮೇಲೇರುವಾಗ ಅಷ್ಟನ್ನೂ ಬಿಡಬೇಕು. ಹಾಗಂತ ತೀರಾ ಕಮ್ಮಿಯೂ ಆಗದು. 11 ಲೀಟರ್ ಟ್ಯಾಂಕ್‌ನಲ್ಲಿ 150 ಬಾರ್‌ನಷ್ಟು (ಬಾರ್ ಅಂದರೆ ಒತ್ತಡದ ಅಳತೆ) ಗಾಳಿ ಖರ್ಚಾದರೆ ಸುಮಾರು 2 ಕೆಜಿ ಗಾಳಿ ಹೋಗಿರುತ್ತದೆ, ನೀವು ಅಷ್ಟು ಹಗುರ. 5 ಮೀಟರ್‌ನಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್ ಮಾಡುವಾಗ, ಅಂದರೆ ಮೇಲೆ ಬರುವ ಮೊದಲು ಸುರಕ್ಷತೆಗಾಗಿ ತಡೆದು ನಿಲ್ಲುವಾಗ, ತೂಕ ಸಾಲದವರು ಮೇಲಕ್ಕೆ ತೇಲಿಹೋಗುತ್ತಾರೆ. ತೂಕದ ಪರೀಕ್ಷೆಯನ್ನು ಡೈವ್‌ನ ಕೊನೆಗೆ, ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಮಾಡಿ ಅನ್ನುವುದು ಇದಕ್ಕೇ.

ಏರುವ ವೇಗ ಕೈಮೀರಿದರೆ ಉಸಿರು ಮಾತ್ರ ಕಟ್ಟಬೇಡಿ. ಚೀಲದಂತೆ ಶ್ವಾಸಕೋಶದ ಗಾಳಿಯೂ ಹಿಗ್ಗುತ್ತದೆ, ಬಿಡದಿದ್ದರೆ ಶ್ವಾಸಕೋಶವೇ ಹರಿದುಹೋಗಬಹುದು. ಉಸಿರು ಬಿಡುತ್ತಾ ಯಾವ ವಾಲ್ವ್ ಮೇಲಿದೆಯೋ ಅದನ್ನು ಎಳೆಯಿರಿ. ಉಪ್ಪು, ಮರಳು ಸೇರಿ ತುಂಬುವ ಬಟನ್ ಒಳಗೇ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಆಗ ಟ್ಯಾಂಕಿನಿಂದ ಬರುವ ಸಣ್ಣ ಪೈಪನ್ನೇ ಕಳಚಬೇಕು. ಅದರ ಕಾಲರ್ ಹಿಂದಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ.

ಬಾಡಿಗೆ ಜಾಕೆಟ್ ಆದರೆ ಬೋಟ್ ಹೊರಡುವ ಮೊದಲೇ ಪೂರ್ತಿ ಗಾಳಿ ತುಂಬಿ, ಒಂದೊಂದೇ ವಾಲ್ವ್ ಎಳೆದು ನೋಡಿ. ಕೆಲವದರಲ್ಲಿ ಭುಜದ ಪೈಪನ್ನೇ ಕೆಳಕ್ಕೆ ಎಳೆದರೂ ಗಾಳಿ ಹೋಗುತ್ತದೆ, ಕೆಲವದರಲ್ಲಿ ಇಲ್ಲ. ಹಿಂದಿನ ದಾರ ಎಲ್ಲಿದೆ ಅಂತ ಕಣ್ಣುಮುಚ್ಚಿ ಕೈಯಿಂದ ಹುಡುಕಿ. ನೀರೊಳಗೆ ಅದು ನಿಮಗೆ ಕಾಣುವುದಿಲ್ಲ.