ಹಲಗೆಯ ಬಣ್ಣ ಆಮೇಲೆ, ಮೊದಲು ಸರ್ವೆ ನಕ್ಷೆ

ಅಮೆರಿಕದ ಉಪನಗರಗಳಲ್ಲಿ ಮನೆ ಕೊಂಡ ನಮ್ಮವರು ಡೆಕ್, ಅಂದರೆ ಮನೆಯ ಹಿಂದೆ ಕಂಬಗಳ ಮೇಲೆ ಹಲಗೆ ಹೊದಿಸಿದ ಬಯಲು ಜಗಲಿ, ಕಟ್ಟಿಸುವ ವಿಚಾರ ಮಾತಾಡಲು ಬಂದಾಗ ಸಾಮಾನ್ಯವಾಗಿ ಕೈಯಲ್ಲಿ ಕಾಂಪೊಸಿಟ್ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆಯ ಸ್ಯಾಂಪಲ್ ತುಂಡುಗಳಿರುತ್ತವೆ. ಬೂದು ಬಣ್ಣವೋ ಕಂದು ಬಣ್ಣವೋ ಎಂಬ ಚರ್ಚೆ ಮನೆಯಲ್ಲಿ ಆಗಲೇ ಮುಗಿದಿರುತ್ತದೆ. ನಾನು ಕೇಳುವುದು ಬೇರೆ: ಮನೆ ಕೊಂಡಾಗ ಸಿಕ್ಕ ಸರ್ವೆ ನಕ್ಷೆ ಎಲ್ಲಿದೆ? ಕ್ಲೋಸಿಂಗ್ ಕಾಗದಗಳ ಕಟ್ಟಿನಲ್ಲಿ ಎಲ್ಲೋ ಇರಬೇಕು ಅನ್ನುತ್ತಾರೆ. ಡೆಕ್ ಎಷ್ಟು ದೊಡ್ಡದಿರಬಹುದು, ಎಲ್ಲಿಯವರೆಗೆ ಚಾಚಬಹುದು ಎಂಬುದು ಬಹುಪಾಲು ಆ ಹಾಳೆಯಲ್ಲೇ ತೀರ್ಮಾನವಾಗಿರುತ್ತದೆ.

ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಸೆಟ್‌ಬ್ಯಾಕ್, ಅಂದರೆ ಗಡಿಯಿಂದ ಕಟ್ಟಡ ಬಿಡಬೇಕಾದ ದೂರ. ಇದು ಊರಿಂದೂರಿಗೆ, ಒಂದೇ ಊರಿನ ವಲಯದಿಂದ ವಲಯಕ್ಕೆ ಬೇರೆ. ಅಳತೆ ಶುರುವಾಗುವುದು ಬೇಲಿಯಿಂದಲ್ಲ, ದಾಖಲೆಯ ಗಡಿಯಿಂದ. ಬೇಲಿ ಹಾಕಿದವರು ಎರಡಡಿ ಅತ್ತ ಇತ್ತ ಹಾಕಿರುವುದು ಅಪರೂಪವೇನಲ್ಲ. ಆಮೇಲೆ ಈಸ್‌ಮೆಂಟ್. ವಿದ್ಯುತ್ ತಂತಿ, ಚರಂಡಿ, ಮಳೆನೀರಿನ ಹರಿವಿಗೆಂದು ಮೀಸಲಿಟ್ಟ ಪಟ್ಟಿ ಅದು. ನೆಲ ನಿಮ್ಮದೇ, ತೆರಿಗೆ ಕಟ್ಟುವವರೂ ನೀವೇ, ಆದರೆ ಅಲ್ಲಿ ಕಂಬ ಹೂಳುವ ಹಾಗಿಲ್ಲ.

ಸ್ಥಿತಿವಂತರ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. ನಿವೇಶನದ ಇಂತಿಷ್ಟು ಶೇಕಡಾ ಮಾತ್ರ ಕಟ್ಟಡವೋ ಗಟ್ಟಿ ನೆಲವೋ ಆಗಿರಬಹುದು ಎಂಬ ಮಿತಿ ಹಲವು ಊರುಗಳಲ್ಲಿದೆ. ಬಿಲ್ಡರ್ ದೊಡ್ಡ ಮನೆ, ಮೂರು ಕಾರಿನ ಗ್ಯಾರೇಜು, ಅಗಲವಾದ ಡ್ರೈವ್‌ವೇ ಎಂದು ಆ ಮಿತಿಯನ್ನು ಆಗಲೇ ಖಾಲಿ ಮಾಡಿರುತ್ತಾನೆ. ಸಂದುಗಳಿರುವ ಬಯಲು ಡೆಕ್ ಅನ್ನು ಕೆಲವು ಊರುಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಲವು ಹಿಡಿಯುತ್ತವೆ. ಚಾವಣಿ ಹಾಕಿ ಪೋರ್ಚ್ ಮಾಡುತ್ತೇನೆ ಎಂದರೆ ಸಾಮಾನ್ಯವಾಗಿ ಅದು ಮನೆಯ ಭಾಗವೇ ಆಗಿಬಿಡುತ್ತದೆ. ಸೆಟ್‌ಬ್ಯಾಕ್ ಬಿಗಿಯಾಗುತ್ತದೆ, ಹಿಮದ ಭಾರವನ್ನೂ ಲೆಕ್ಕ ಹಾಕಬೇಕಾಗುತ್ತದೆ. ಮುಂದೆ ಎಂದಾದರೂ ಚಾವಣಿ ಹಾಕುವ ಆಸೆಯಿದ್ದರೆ ಡೆಕ್‌ನ ನಕ್ಷೆ ಬರೆಸುವಾಗಲೇ ಹೇಳಿಬಿಡಿ, ಕಂಬದ ಅಡಿಪಾಯ ಅದಕ್ಕೆ ತಕ್ಕಂತೆ ಇರಲಿ. ಹಿತ್ತಲಿಗೆ ತೊರೆಯೋ ಜೌಗೋ ಹತ್ತಿರವಿದ್ದರೆ ಬೇರೆಯದೇ ಅನುಮತಿ ಬೇಕಾದೀತು: ಮ್ಯಾಸಚೂಸೆಟ್ಸ್‌ನಲ್ಲಿ ಜೌಗುಭೂಮಿಯಿಂದ 100 ಅಡಿಯೊಳಗಿನ ಕೆಲಸ ಊರಿನ ಕನ್ಸರ್ವೇಶನ್ ಕಮಿಷನ್ ಮುಂದೆ ಹೋಗುತ್ತದೆ.

“ಇನ್ನೂರು ಚದರಡಿಗಿಂತ ಕಡಿಮೆಯಿದ್ದರೆ ಪರ್ಮಿಟ್ ಬೇಡವಂತಲ್ಲ ಸರ್?” ಈ ಪ್ರಶ್ನೆ ತಪ್ಪಿದ್ದಲ್ಲ. ಬಹುತೇಕ ರಾಜ್ಯಗಳು ಆಧಾರವಾಗಿಟ್ಟುಕೊಂಡಿರುವ ಮಾದರಿ ವಸತಿ ಸಂಹಿತೆ ಐಆರ್‌ಸಿಯಲ್ಲಿ ಆ ವಿನಾಯಿತಿ ಇದೆ. ಆದರೆ ನಾಲ್ಕು ಷರತ್ತೂ ಒಟ್ಟಿಗೆ ಕೂಡಿಬರಬೇಕು: 200 ಚದರಡಿ ಮೀರಬಾರದು, ನೆಲದಿಂದ ಎಲ್ಲಿಯೂ 30 ಇಂಚಿಗಿಂತ ಎತ್ತರವಿರಬಾರದು, ಮನೆಗೆ ಅಂಟಿರಬಾರದು, ಮನೆಯ ಕಡ್ಡಾಯ ನಿರ್ಗಮನ ಬಾಗಿಲಿಗೆ ದಾರಿಯಾಗಿರಬಾರದು. 12ಕ್ಕೆ 16 ಅಡಿಯ ಡೆಕ್ 192 ಚದರಡಿ, ಸರಿ. ಮನೆಗೆ ಬೋಲ್ಟ್ ಹಾಕಿದಿರೋ, ವಿನಾಯಿತಿ ಹೋಯಿತು. ಊರು ಈ ವಿನಾಯಿತಿಯನ್ನೇ ಕಿತ್ತುಹಾಕಿರಲೂಬಹುದು. ಪರ್ಮಿಟ್ ಬೇಡವಾದರೂ ಸೆಟ್‌ಬ್ಯಾಕ್ ತಪ್ಪಿದ್ದಲ್ಲ.

ಬಡಾವಣೆಗೆ ಎಚ್‌ಒಎ, ಅಂದರೆ ಮನೆಮಾಲೀಕರ ಸಂಘ, ಇದ್ದರೆ ಅದರ ಒಪ್ಪಿಗೆ, ಊರಿನ ಪರ್ಮಿಟ್ ಎರಡೂ ಬೇಕು. ಒಂದು ಸಿಕ್ಕಿದ್ದನ್ನು ತೋರಿಸಿದರೆ ಇನ್ನೊಂದು ಕಡೆ ಕೆಲಸವಾಗುವುದಿಲ್ಲ. ನನ್ನ ಸಲಹೆ ಎಚ್‌ಒಎಗೆ ಮೊದಲು ಹೋಗಿ ಎಂದು. ಅವರು ಮೆಟ್ಟಿಲು ಆ ಕಡೆಯಿಂದ ಈ ಕಡೆಗೆ ಬರಲಿ ಎಂದರೆ ಎಂಜಿನಿಯರ್‌ಗೆ ಎರಡು ಸಲ ದುಡ್ಡು ಕೊಡುವುದು ತಪ್ಪುತ್ತದೆ.

ಇನ್ನು ಇನ್ಸ್‌ಪೆಕ್ಟರ್ ನಿಜವಾಗಿ ನೋಡುವ ಜಾಗಕ್ಕೆ ಬರೋಣ. ಡೆಕ್ ಮನೆಗೆ ಕೂಡುವಲ್ಲಿ ಗೋಡೆಗೆ ಬಿಗಿದಿರುವ ಅಡ್ಡತೊಲೆಗೆ ಲೆಡ್ಜರ್ ಅನ್ನುತ್ತೇವೆ. ಡೆಕ್ಕಿನ ಅರ್ಧ ಭಾರ ಅದರ ಮೇಲಿರುತ್ತದೆ. ಸೈಡಿಂಗ್ (ಗೋಡೆಯ ಹೊರಹೊದಿಕೆ) ಬಿಚ್ಚಿ, ಒಳಗಿನ ತೊಲೆಗೇ ಅರ್ಧ ಇಂಚಿನ ಲ್ಯಾಗ್ ಸ್ಕ್ರೂ ಅಥವಾ ಬೋಲ್ಟುಗಳನ್ನು ಮೇಲೊಂದು ಕೆಳಗೊಂದರಂತೆ ಹಾಕಬೇಕು. ಬರೀ ಮೊಳೆಯ ಮೇಲೆ ನೇತುಹಾಕುವಂತಿಲ್ಲ. ಅದರ ಮೇಲೆ ಫ್ಲ್ಯಾಶಿಂಗ್ ತಗಡು ಸೈಡಿಂಗಿನ ಹಿಂದಕ್ಕೆ ಹೋಗಿ ಲೆಡ್ಜರಿನ ಮುಂದಕ್ಕೆ ಇಳಿದಿರಬೇಕು. ಈ ತಗಡು ತಪ್ಪಿದರೆ ನೀರು ಹಿಂದೆ ಇಳಿದು ಮನೆಯ ತೊಲೆಯನ್ನೇ ತಿನ್ನುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. 2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬಾಲ್ಕನಿ ಮುರಿದು ಆರು ಮಂದಿ ಯುವಜನ ಸತ್ತಾಗಲೂ ಒಳಗೆ ನೀರು ಸೇರಿ ಕೊಳೆತ ಮರವೇ ಕಾರಣವಾಗಿತ್ತು.

ದುಬಾರಿ ಮನೆಗಳ ಹಿಂಬದಿ ಇಟ್ಟಿಗೆಯದಾಗಿದ್ದರೆ ಜನಕ್ಕೆ ಅದು ಗಟ್ಟಿ ಗೋಡೆ ಎಂಬ ಭಾವನೆ. ಅಲ್ಲ; ಹೆಚ್ಚಿನ ಕಡೆ ಅದು ಮರದ ಗೋಡೆಯ ಮುಂದೆ ನಿಲ್ಲಿಸಿದ ಒಂದೇ ಪದರ. ಅದಕ್ಕೆ ಲೆಡ್ಜರ್ ಬಿಗಿಯುವಂತಿಲ್ಲ. ಹೊರಕ್ಕೆ ಚಾಚಿಕೊಂಡ ಬೇ ವಿಂಡೋ ಕೆಳಗೂ ಎಂಜಿನಿಯರ್ ಲೆಕ್ಕವಿಲ್ಲದೆ ಬಿಗಿಯಬಾರದು. ಇಂಥಲ್ಲಿ ಡೆಕ್ ತನ್ನದೇ ಕಂಬಗಳ ಮೇಲೆ ನಿಲ್ಲಬೇಕು. ಮನೆ ಪಕ್ಕದ ಮಣ್ಣು ಬೇಸ್‌ಮೆಂಟ್ ಅಗೆದು ಮತ್ತೆ ತುಂಬಿದ ಸಡಿಲ ಮಣ್ಣಾದ್ದರಿಂದ ಅಲ್ಲಿನ ಅಡಿಪಾಯ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು. ಖರ್ಚು ಏರುತ್ತದೆ, ನಿಜ. ನನಗಂತೂ ಸ್ವತಂತ್ರ ಡೆಕ್ಕೇ ಇಷ್ಟ. ಮನೆಯ ಗೋಡೆಗೆ ತೂತು ಹೊಡೆಯುವ ಗೋಜಿಲ್ಲ.

ಹಳೆಯ ಡೆಕ್ ಕಿತ್ತು ಹೊಸದು ಹಾಕುವವರು ತೊಲೆ ಕೂಡಿಸುವ ಹಳೇ ಲೋಹದ ಬ್ರ್ಯಾಕೆಟ್‌ಗಳನ್ನು ಉಳಿಸಿಕೊಳ್ಳಬೇಡಿ. ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ಸಂಸ್ಕರಣೆ 2003ರ ಕೊನೆಗೆ ನಿಂತಿತು. ಆಮೇಲೆ ಬಂದ ತಾಮ್ರಪ್ರಧಾನ ಸಂಸ್ಕರಣೆ ಸಾಧಾರಣ ಉಕ್ಕನ್ನೂ ಅಲ್ಯೂಮಿನಿಯಮ್ ತಗಡನ್ನೂ ಬೇಗ ತಿನ್ನುತ್ತದೆ. ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ ಉಕ್ಕು) ಅಥವಾ ಸ್ಟೇನ್‌ಲೆಸ್ ಸ್ಟೀಲೇ ಬೇಕು.

ಅಡಿಪಾಯ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿರಬೇಕು. ಶಿಕಾಗೋ ಸುತ್ತಮುತ್ತ ಅದು 42 ಇಂಚು. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿದರೆ ಗ್ಯಾಸ್, ಕರೆಂಟ್ ಲೈನ್‌ಗಳನ್ನು ಪುಕ್ಕಟೆ ಗುರುತು ಮಾಡಿ ಹೋಗುತ್ತಾರೆ. ಗುಂಡಿ ತೆಗೆದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು ತಪಾಸಣೆ. ಈ ಕ್ರಮ ತಪ್ಪಿಸಿ ಸುರಿದವರಿಗೆ ಮತ್ತೆ ಅಗೆದು ತೋರಿಸಿ ಎಂದು ಹೇಳಿದ್ದನ್ನು ನೋಡಿದ್ದೇನೆ.

ಭಾರದ ವಿಚಾರದಲ್ಲಿ ಸಂಹಿತೆ ಚದರಡಿಗೆ 40 ಪೌಂಡ್ ಲೆಕ್ಕ ಹಿಡಿಯುತ್ತದೆ. ಸತ್ಯನಾರಾಯಣ ಪೂಜೆಗೆ ಬಂದವರೆಲ್ಲ ಊಟದ ತಟ್ಟೆ ಹಿಡಿದು ಹೊರಗೆ ನಿಂತರೂ ಅಡ್ಡಿಯಿಲ್ಲ. ಹಾಟ್ ಟಬ್ ಮಾತ್ರ ಬೇರೆ ಕಥೆ. ಒಂದಡಿ ಆಳದ ನೀರೇ ಚದರಡಿಗೆ 62 ಪೌಂಡ್ ತೂಗುತ್ತದೆ, ಮೂರಡಿಯಾದರೆ 187. ಟಬ್ ಇಡುವ ಯೋಚನೆಯನ್ನು ಪರ್ಮಿಟ್ ನಕ್ಷೆಯಲ್ಲಿ ಮುಚ್ಚಿಡುವುದರಲ್ಲಿ ಯಾವ ಜಾಣತನವೂ ಇಲ್ಲ.

ಡೆಕ್ 30 ಇಂಚಿಗಿಂತ ಎತ್ತರವಿದ್ದರೆ ಕಟಕಟೆ ಕಡ್ಡಾಯ: ಕನಿಷ್ಠ 36 ಇಂಚು, ಕ್ಯಾಲಿಫೋರ್ನಿಯಾದಲ್ಲಿ 42. ನಡುವೆ ನಾಲ್ಕು ಇಂಚಿನ ಚೆಂಡು ತೂರಬಾರದು. ಈಗ ಎಲ್ಲರಿಗೂ ಕೇಬಲ್ ರೇಲಿಂಗ್ ಬೇಕು. ತಂತಿಯನ್ನು ಕೈಯಿಂದ ಅಗಲಿಸಿದರೆ ಬಾಗುತ್ತದೆ, ಆದ್ದರಿಂದ ಮೂರು ಇಂಚಿಗೊಂದು ತಂತಿ ಹಾಕಿಸುವುದು ಕ್ಷೇಮ.

“ಪರ್ಮಿಟ್ ನೀವೇ ತೆಗೆಸಿಬಿಡಿ, ಸ್ವಲ್ಪ ಉಳಿಯುತ್ತೆ” ಎನ್ನುವ ಕಾಂಟ್ರಾಕ್ಟರ್ ಬಗ್ಗೆ ಹುಷಾರು. ಯಾರ ಹೆಸರಲ್ಲಿ ಪರ್ಮಿಟ್ ಇದೆಯೋ ಸಂಹಿತೆಗೆ ತಕ್ಕಂತೆ ಕೆಲಸವಾಗುವ ಹೊಣೆಯೂ ಅವರದ್ದೇ. ಅವನಿಗೆ ಲೈಸೆನ್ಸ್ ಇದೆಯೇ ಎಂದೂ ಆಗಲೇ ವಿಚಾರಿಸಿ. ಕೊನೆಯ ಕಂತನ್ನು ಫೈನಲ್ ಇನ್‌ಸ್ಪೆಕ್ಷನ್ ಆದ ಮೇಲೆ ಕೊಡುವುದೆಂದು ಒಪ್ಪಂದದಲ್ಲೇ ಬರೆಸಿ. ತೀರದೆ ಉಳಿದ ಪರ್ಮಿಟ್ ಮುಂದೆ ಮನೆ ಮಾರುವಾಗ ಎದುರಾಗುತ್ತದೆ. ಹಲಗೆ ಹೊದಿಸುವ ಮೊದಲು ಲೆಡ್ಜರ್, ಬೋಲ್ಟು, ತಗಡಿನ ಫೋಟೊ ತೆಗೆದು ಸರ್ವೆ ನಕ್ಷೆಯ ಜೊತೆ ಇಡಿ. ಕೊಳ್ಳುವವರ ಕಡೆಯ ಇನ್ಸ್‌ಪೆಕ್ಟರ್ ಅದನ್ನೇ ಕೇಳುತ್ತಾನೆ.