ಮೂತ್ರಕೋಶದ ಒಳಪದರ ಸುಮ್ನೆ ಕೂತಿರುವುದಿಲ್ಲ

ಹಾವೇರಿ ಕಡೆ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವ ಎಷ್ಟೋ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಯಲಲ್ಲಿ ಮರೆ ಸಿಗಬೇಕಲ್ಲ. ಆಮೇಲೆ ಉರಿಮೂತ್ರ ಶುರುವಾದರೆ ‘ಉಷ್ಣ ಆಗೈತಿ’ ಅಂತ ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಆದರೆ ಬಹಳಷ್ಟು ಸಲ ಇದಕ್ಕೆ ಕಾರಣ ನಮ್ಮ ಕರುಳಲ್ಲೇ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ.

ಮೂತ್ರಕೋಶದ ಒಳಮೈಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಛತ್ರಿ ಜೀವಕೋಶಗಳ ಪದರ. ಯುರೋಪ್ಲಾಕಿನ್ ಎಂಬ ಪ್ರೋಟೀನುಗಳು ಜೇನುಹುಟ್ಟಿನ ಕೋಣೆಗಳಂತೆ ಆರು ಮೂಲೆಯಾಗಿ ಜೋಡಿಕೊಂಡು ಇವುಗಳ ಮೇಲೆ ಬಿಗಿಯಾದ ಹೊದಿಕೆ ಹಾಕಿವೆ. ಮೂತ್ರದ ಕಶ್ಮಲ ಮತ್ತೆ ರಕ್ತಕ್ಕೆ ಸೋರದಂತೆ ತಡೆಯುವುದರಲ್ಲಿ ಇದರ ಪಾಲು ದೊಡ್ಡದು. ಮೂತ್ರಕೋಶ ತುಂಬಿ ಹಿಗ್ಗಿದಾಗ, ಜೀವಕೋಶದ ಒಳಗೆ ಮಡಚಿಟ್ಟಿದ್ದ ಹೊದಿಕೆ ಮೇಲೆ ಬಂದು ಜಾಗ ತುಂಬುತ್ತದೆ. ಖಾಲಿಯಾದಾಗ ಮತ್ತೆ ಒಳಗೆ ಹೋಗುತ್ತದೆ.

ಇ. ಕೋಲಿ ಬಲು ಚಾಲಾಕಿ. ಅದರ ಮೈಮೇಲಿನ ಕೂದಲಿನಂಥ ಎಳೆಗಳ ತುದಿ, ಯುರೋಪ್ಲಾಕಿನ್‌ಗೆ ಅಂಟಿರುವ ಮ್ಯಾನೋಸ್ ಸಕ್ಕರೆಯನ್ನೇ ಹಿಡಿದುಕೊಳ್ಳುತ್ತದೆ. ಅದಕ್ಕೂ ದೇಹದಲ್ಲಿ ಉಪಾಯವಿದೆ. ಮೂತ್ರಪಿಂಡ ತಯಾರಿಸುವ ಯುರೋಮಾಡ್ಯುಲಿನ್ ಎಂಬ ಪ್ರೋಟೀನಿನಲ್ಲೂ ಅದೇ ಸಕ್ಕರೆ ಇರುತ್ತದೆ. ಬ್ಯಾಕ್ಟೀರಿಯಾ ಮೋಸಹೋಗಿ ಅದನ್ನು ಹಿಡಿದರೆ ಮೂತ್ರದ ಜೊತೆ ಹೊರಗೆ.

ಅದನ್ನೂ ದಾಟಿ ಒಳಗೆ ನುಗ್ಗಿದರೆ? ಸೋಂಕು ತಗುಲಿದ ಜೀವಕೋಶ ತಾನೇ ಪದರದಿಂದ ಕಳಚಿಕೊಂಡು, ಒಳಗಿರುವ ಬ್ಯಾಕ್ಟೀರಿಯಾಗಳನ್ನು ಹೊತ್ತು ಮೂತ್ರದಲ್ಲಿ ಹೋಗಿಬಿಡುತ್ತದೆ. ತಿಂಗಳುಗಟ್ಟಲೆ ಬದುಕಬಹುದಾದ ಜೀವಕೋಶ ಅದು! ಕೆಳಗಿನ ಪದರದ ಜೀವಕೋಶಗಳು ಬೇಗ ಬೇಗ ಒಂದು ಎರಡಾಗಿ ಹೆಚ್ಚಿ ಹೊಸ ಮೇಲ್ಪದರವನ್ನು ಕಟ್ಟುತ್ತವೆ. ಆದರೆ ಇದರಲ್ಲಿ ಒಂದು ತೊಂದರೆಯೂ ಇದೆ. ಮೇಲಿನ ಪದರ ಕಳಚಿದಾಗ ಕೆಲವು ಬ್ಯಾಕ್ಟೀರಿಯಾ ಕೆಳಗಿನ ಜೀವಕೋಶಗಳಿಗೆ ಸೇರಿ ಅಲ್ಲೇ ತೆಪ್ಪಗೆ ಅಡಗಿರುವುದು ಇಲಿಗಳಲ್ಲಿ ಕಂಡಿದೆ. ಉರಿಮೂತ್ರ ಮರುಕಳಿಸಲು ಇದೂ ಒಂದು ಕಾರಣ ಇರಬಹುದು.

ಇನ್ನು ನೀರಿನ ಮಾತು. ಕಡಿಮೆ ನೀರು ಕುಡಿಯುವ, ಪದೇ ಪದೇ ಉರಿಮೂತ್ರ ಬರುವ 140 ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಕುಡಿದವರಿಗೆ, ವರ್ಷದಲ್ಲಿ ಸೋಂಕು ಬಂದದ್ದು ಉಳಿದವರಿಗಿಂತ ಹೆಚ್ಚುಕಡಿಮೆ ಅರ್ಧದಷ್ಟೇ ಸಲ. ಹೊಲಕ್ಕೆ, ಕೆಲಸದ ಜಾಗಕ್ಕೆ ಶೌಚಾಲಯ ಬೇಕು ಅನ್ನುವುದು ಆರೋಗ್ಯದ ಮಾತೂ ಹೌದು, ಅಲ್ವಾ?

ಕ್ಯಾನ್ಸರ್ ವಿಷಯದಲ್ಲಿ ಈ ಪದರಕ್ಕೆ ದೊಡ್ಡ ವೈರಿ ಬೀಡಿ, ಸಿಗರೇಟಿನ ಹೊಗೆ. ಅದರ ವಿಷಗಳು ರಕ್ತದಿಂದ ಮೂತ್ರಕ್ಕೆ ಬಂದು, ಗಂಟೆಗಟ್ಟಲೆ ಇದೇ ಪದರಕ್ಕೆ ತಾಗಿಕೊಂಡಿರುತ್ತವೆ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕ್ಯಾನ್ಸರನ್ನು ಜರ್ಮನಿಯ ಲುಡ್ವಿಗ್ ರೆನ್ 1895ರಲ್ಲೇ ಗುರುತಿಸಿದ್ದರು. ನೋವೇ ಇಲ್ಲದೆ ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು.

ಗಡ್ಡೆ ಸ್ನಾಯುವಿನ ಪದರಕ್ಕೆ ಇಳಿಯುವ ಮುನ್ನ ಸಿಕ್ಕರೆ, ಅದನ್ನು ತೆಗೆದ ಮೇಲೆ ಅಗತ್ಯ ಇದ್ದವರಿಗೆ ಬಿಸಿಜಿಯನ್ನು ಮೂತ್ರಕೋಶಕ್ಕೆ ಬಿಡುತ್ತಾರೆ. ಹೌದು, ಕೂಸುಗಳಿಗೆ ಕ್ಷಯದ ವಿರುದ್ಧ ಹಾಕುವ ಲಸಿಕೆಯಲ್ಲಿರುವ ಜೀವಂತ ಬ್ಯಾಕ್ಟೀರಿಯಾವೇ. ಕೆನಡಾದ ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ 9 ರೋಗಿಗಳ ಫಲಿತಾಂಶ ಪ್ರಕಟಿಸಿದರು. ವಾರಕ್ಕೊಂದು ಸಲದಂತೆ 6 ವಾರ ಕೊಡುವ ಆ ಕ್ರಮವೇ ಇಂದಿಗೂ ಚಿಕಿತ್ಸೆಯ ಮೊದಲ ಹಂತ. ಬಿಸಿಜಿ ಒಳಪದರಕ್ಕೆ ಅಂಟಿಕೊಂಡು ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಆಗ ನಮ್ಮ ರೋಗನಿರೋಧಕ ಕೋಶಗಳು ಅಲ್ಲಿಗೆ ಬಂದು, ಉಳಿದಿರುವ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ.